ಎರಡು ಕಿವಿಗೆ ಹನ್ನೆರಡು ಸ್ಪೀಕರ್ ಯಾಕ್ರೀ?

ಮೊನ್ನೆ ಶನಿವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಆಯ್ತು. ಮನೆ ಅಂದ್ರೆ ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆ, ಇರೋದು ನಾನು ಮತ್ತು ನನ್ನ ಕಾಲೇಜಿನ ಗೆಳೆಯ. ಬೋನಸ್ ಬಂದ ಖುಷಿಗೆ ಅವನೊಂದು ಸೌಂಡ್‌ಬಾರ್ ತಂದಿದ್ದ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 7.1.4 ಅಂತ ಬರೆದಿತ್ತು. ಬಿಡಿಸಿ ಹೇಳೋದಾದ್ರೆ ಕಿವಿಯ ಮಟ್ಟದಲ್ಲಿ ಸುತ್ತಲೂ ಏಳು, ಗುಡುಗು ಸಿಡಿಲಿಗೆ ಅಂತ ಒಂದು, ತಲೆ ಮೇಲಿಂದ ನಾಲ್ಕು, ಒಟ್ಟು ಹನ್ನೆರಡು ಚಾನೆಲ್. ಇಷ್ಟೂ ಬರಬೇಕಾದದ್ದು ಒಂದು ಉದ್ದನೆಯ ಕೋಲು, ಎರಡು ಪುಟಾಣಿ ಡಬ್ಬ, ಒಂದು ಸಬ್‌ವೂಫರಿನಿಂದ. ಮೇಲಿನ ನಾಲ್ಕಕ್ಕೆ ಮೇಲೆ ಸ್ಪೀಕರೇನೂ ಇಲ್ಲ. ಕೋಲಿನ ನೆತ್ತಿಯಿಂದ ಹೊರಟ ಶಬ್ದ ಸೀಲಿಂಗಿಗೆ ಹೊಡೆದು ವಾಪಸ್ ನಮ್ಮ ತಲೆ ಮೇಲೆ ಬೀಳಬೇಕಂತೆ. ನಮ್ಮ ಸೀಲಿಂಗಿನಲ್ಲಿ ಇರೋದು ಫ್ಯಾನು. ಅದನ್ನ ಆಫ್ ಮಾಡಿ ಬೆವರುತ್ತಾ ಕೂತ್ವಿ.

"ಮಗಾ, ಕಣ್ಮುಚ್ಕೊಂಡು ಕೇಳು" ಅಂದ. ಯಾರೋ ಪುಣ್ಯಾತ್ಮರು '5.1 ಸರೌಂಡ್' ಅಂತ ಹೆಸರಿಟ್ಟು ನೆಟ್ಟಿಗೆ ಏರಿಸಿದ್ದ ಅರವತ್ತರ ದಶಕದ ಕನ್ನಡ ಹಾಡು. ಕೇಳಿದೆ. ಪಿಟೀಲುಗಳು ನನ್ನ ಬೆನ್ನ ಹಿಂದೆ ಹೋಗಿ ಕೂತಿದ್ದವು. ತಬಲಾದ ಪೆಟ್ಟುಗಳಲ್ಲಿ ಅರ್ಧ ಟಿ.ವಿ ಕಡೆಯಿಂದ, ಇನ್ನರ್ಧ ಅಡುಗೆಮನೆ ಕಡೆಯಿಂದ. ಇನ್ನು ಪಿ.ಬಿ. ಶ್ರೀನಿವಾಸರ ಆ ಮೆತ್ತನೆಯ ದನಿ ಇದೆಯಲ್ಲ, ಅದು ಬಚ್ಚಲುಮನೆಗೆ ಹೋಗಿ ಒಳಗಿಂದ ಅಗುಳಿ ಹಾಕಿಕೊಂಡಿತ್ತು.

"ಹಾಡೋರು ಎಲ್ಲೋ ಮಾರಾಯ?" ಅಂತ ಕೇಳಿದೆ. ಅವನಿಗೆ ಸಿಟ್ಟು ಬಂತು. "ನೀನು ಬಿಡು, ಗ್ರಾಮಫೋನ್ ಕಾಲದವನು" ಅಂದ. ಅವನಿಗಿಂತ ನಾನು ಎರಡು ತಿಂಗಳು ಚಿಕ್ಕವನು ಅನ್ನೋದು ಬೇರೆ ವಿಷಯ :-)

ಅವನ ದುಡ್ಡು, ಅವನ ಕೋಲು, ನನಗೇನು ಅಂತ ಸುಮ್ಮನಿರಬಹುದಿತ್ತು. ಆದರೆ ಇದು ಒಂದು ಸೌಂಡ್‌ಬಾರಿನ ಕಥೆ ಅಲ್ಲ. ನಾಲ್ಕೈದು ವರ್ಷಗಳಿಂದ ನೋಡ್ತಿದ್ದೀನಿ, ಹಾಡುಗಳನ್ನ ಸುತ್ತುವರಿ ಶಬ್ದಕ್ಕೆ ಮತ್ತೆ ಮಿಕ್ಸ್ ಮಾಡೋದು, ಹಾಗೆ ಮಾಡಿದ್ದೇ 'ಉತ್ತಮ ಆವೃತ್ತಿ' ಅಂತ ನಮ್ಮ ಕಿವಿಗೆ ತುರುಕೋದು ಒಂದು ದೊಡ್ಡ ವ್ಯವಹಾರವೇ ಆಗಿಬಿಟ್ಟಿದೆ. ಅದರ ಬಗ್ಗೆ ನನಗೆ ನಿಜವಾಗಿ ಕೋಪ ಇದೆ. ನೇರವಾಗಿ ಹೇಳಿಬಿಡ್ತೀನಿ: ಸಿನಿಮಾಕ್ಕೆ ಸರೌಂಡ್ ಬೇಕು, ಹಾಡಿಗೆ ಸ್ಟೀರಿಯೋ ಸಾಕು. ಅದರಲ್ಲೂ ಒಮ್ಮೆ ಎರಡು ಚಾನೆಲ್ಲಿಗೋ ಒಂದೇ ಚಾನೆಲ್ಲಿಗೋ ಅಂತ ಕೂತು ಮಾಡಿ ಮುಗಿಸಿದ ಹಾಡನ್ನ ಹರಿದು ಕೋಣೆ ತುಂಬಾ ಹರಡೋದು ರಿಪೇರಿ ಅಲ್ಲ, ಹಾಳುಗೆಡಹೋದು.

ಸ್ಟೀರಿಯೋ ಅಂದ ಕೂಡಲೇ 'ಎರಡು' ಅಂತ ಅಂದ್ಕೋತೀವಿ. ಅಲ್ಲ. ಗ್ರೀಕಿನಲ್ಲಿ ಆ ಪದಕ್ಕೆ ಗಟ್ಟಿ, ಘನ ಅನ್ನೋ ಅರ್ಥ. ಎರಡು ಅನ್ನೋದು ಅದಕ್ಕೆ ಆಮೇಲೆ ಅಂಟಿಕೊಂಡದ್ದು. 1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಅನ್ನೋ ಎಂಜಿನಿಯರ್ ಮುಂದೆ ತನ್ನ ಹೆಂಡತಿಯಾಗಲಿದ್ದವಳ ಜೊತೆ ಸಿನಿಮಾಕ್ಕೆ ಹೋಗಿದ್ದನಂತೆ. ಪರದೆಯ ಮೇಲೆ ನಟ ಈ ತುದಿಯಿಂದ ಆ ತುದಿಗೆ ನಡೀತಾನೆ, ಮಾತು ಮಾತ್ರ ನಿಂತಲ್ಲಿಂದಲೇ ಬರ್ತಿದೆ. ಇದನ್ನ ಸರಿ ಮಾಡೋಕೆ ನನಗೆ ದಾರಿ ಗೊತ್ತು ಅಂತ ಅವಳಿಗೆ ಹೇಳಿದನಂತೆ. ಅದೇ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಎರಡು ಮೈಕು, ಎರಡು ಸ್ಪೀಕರು, ಒಂದೇ ರೆಕಾರ್ಡಿನ ಗೀರಿನೊಳಗೆ ಎರಡು ಚಾನೆಲ್, ಎಲ್ಲಾ ಆ ಒಂದೇ ಅರ್ಜಿಯಲ್ಲಿ ಇದ್ದವು. 1935ರಲ್ಲಿ ಹೇಯ್ಸ್ ರೈಲ್ವೆ ಸ್ಟೇಷನ್ನಿನಲ್ಲಿ ರೈಲುಗಳು ಹಾದುಹೋಗೋದನ್ನ ಸ್ಟೀರಿಯೋ ಶಬ್ದದ ಜೊತೆ ಚಿತ್ರೀಕರಿಸಿದ. ಅರಸೀಕೆರೆ ಜಂಕ್ಷನ್ನಿನ ಪಕ್ಕದಲ್ಲಿ ಬೆಳೆದ ನನಗೆ ಈ ಮನುಷ್ಯ ಹಾಡು ಬಿಟ್ಟು ರೈಲು ಹಿಡಿದದ್ದು ಬಹಳ ಇಷ್ಟವಾಯ್ತು. ಪಾಪ, ಯುದ್ಧದ ಕಾಲದಲ್ಲಿ ರೇಡಾರ್ ಪರೀಕ್ಷೆ ಮಾಡ್ತಿದ್ದ ವಿಮಾನ ಬಿದ್ದು 1942ರಲ್ಲಿ ತೀರಿಕೊಂಡ. ಆಗ ಇನ್ನೂ 38 ವರ್ಷ. ಮನೆಗಳಿಗೆ ಸ್ಟೀರಿಯೋ ರೆಕಾರ್ಡು ಬಂದದ್ದು 1957-58ರ ಹೊತ್ತಿಗೆ, ಅವನು ನೋಡಲೇ ಇಲ್ಲ.

ಇದರಲ್ಲಿ ನನಗೆ ಇವತ್ತಿಗೂ ಮ್ಯಾಜಿಕ್ ಅನ್ನಿಸೋ ವಿಷಯ ಒಂದಿದೆ. ಎದುರಿಗೆ ಎಡಕ್ಕೊಂದು ಬಲಕ್ಕೊಂದು ಪೆಟ್ಟಿಗೆ ಇಡಿ. ಎರಡಕ್ಕೂ ಒಂದೇ ದನಿಯನ್ನ ಒಂದೇ ಮಟ್ಟದಲ್ಲಿ ಕೊಡಿ. ಹಾಡುಗಾರ ಎಡದಲ್ಲೂ ಇರಲ್ಲ, ಬಲದಲ್ಲೂ ಇರಲ್ಲ. ಏನೂ ಇಲ್ಲದ ನಟ್ಟನಡುವೆ ಬಂದು ನಿಲ್ತಾನೆ! ಒಂದು ಕಡೆ ಸ್ವಲ್ಪ ಜಾಸ್ತಿ ಮಾಡಿ, ಆ ಕಡೆಗೆ ಸರೀತಾನೆ. ಶಬ್ದ ಒಂದು ಕಿವಿಯಿಂದ ಇನ್ನೊಂದಕ್ಕೆ ತಲೆ ಸುತ್ತಿ ಬರೋಕೆ ಹಿಡಿಯೋದು ಹೆಚ್ಚೆಂದರೆ ಸುಮಾರು 0.65 ಮಿಲಿಸೆಕೆಂಡು. ಅಷ್ಟು ಸಣ್ಣ ವ್ಯತ್ಯಾಸವನ್ನೂ, ಜೊತೆಗೆ ಎರಡು ಕಿವಿಗೆ ಬಿದ್ದ ಜೋರಿನ ವ್ಯತ್ಯಾಸವನ್ನೂ ಹಿಡಿದು ಮಿದುಳು ಲೆಕ್ಕ ಹಾಕುತ್ತೆ. ನೇರ ಎದುರಿನ ಶಬ್ದ ಒಂದು ಡಿಗ್ರಿಯಷ್ಟು ಸರಿದರೂ ನಮಗೆ ಗೊತ್ತಾಗುತ್ತೆ. ಪಕ್ಕದಿಂದ ಬರೋದಕ್ಕೆ ಈ ಚುರುಕು ಎಷ್ಟೋ ಪಾಲು ಕಡಿಮೆ. ಹಿಂದಿನದಂತೂ ಮುಂದಿನದ್ದೋ ಹಿಂದಿನದ್ದೋ ಅಂತಲೇ ಗೊಂದಲ ಆಗ್ತದೆ. ಕಿವಿ ಎದುರಿಗೆ ಚುರುಕು, ಬೆನ್ನ ಹಿಂದೆ ಬರೀ ಕಾವಲುಗಾರ. ನಾಯಿ ಬೊಗಳಿತು ಅಂತ ಗೊತ್ತಾದ್ರೆ ಸಾಕು, ತಿರುಗಿ ನೋಡ್ತೀವಿ.

ಈಗ 5.1ಕ್ಕೆ ಬನ್ನಿ. ಅಂತಾರಾಷ್ಟ್ರೀಯ ಶಿಫಾರಸಿನ ಪ್ರಕಾರ ಎಡ ಬಲದ ಪೆಟ್ಟಿಗೆಗಳು ನಡುಗೆರೆಯಿಂದ 30 ಡಿಗ್ರಿಗೆ, ನಡುವೆ ಒಂದು, ಸರೌಂಡ್ ಪೆಟ್ಟಿಗೆಗಳು 100ರಿಂದ 120 ಡಿಗ್ರಿ ಒಳಗೆ. ಅಂದ್ರೆ ಎಡ ಮುಂದಿನ ಪೆಟ್ಟಿಗೆಗೂ ಎಡ ಹಿಂದಿನದಕ್ಕೂ ನಡುವೆ ಸುಮಾರು 80 ಡಿಗ್ರಿಯ ಕಂದಕ. ಮುಂದೆ 60 ಡಿಗ್ರಿ ಅಂತರದಲ್ಲಿ ನಡುವೆ ಬಂದು ನಿಲ್ಲೋ ಆ ಹಾಡುಗಾರ ಪಕ್ಕದ ಈ ಕಂದಕದಲ್ಲಿ ನಿಲ್ಲಲ್ಲ. ತಲೆ ಒಂಚೂರು ಅಲ್ಲಾಡಿಸಿದ್ರೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾರ್ತಾನೆ. ಸುತ್ತಲೂ ಸಂಗೀತ ಅಂತ ಮಾರೋದು, ಕೈಗೆ ಸಿಗೋದು ಮುಂದೊಂದು ಸ್ಟೀರಿಯೋ ಮತ್ತು ಹಿಂದೆ ಎರಡು ತೂತು.

ಸಿನಿಮಾದ ವಿಷಯ ಬೇರೆ, ಅದನ್ನ ಒಪ್ಪಿಕೊಳ್ಳದೇ ಮುಂದೆ ಹೋದ್ರೆ ಅನ್ಯಾಯ. ಥಿಯೇಟರಿನಲ್ಲಿ ಮೂಲೆ ಸೀಟಿನಲ್ಲಿ ಕೂತವನಿಗೆ ಎರಡು ಪೆಟ್ಟಿಗೆಯ ಸ್ಟೀರಿಯೋದಲ್ಲಿ ನಾಯಕನ ಮಾತು ಹತ್ತಿರದ ಪೆಟ್ಟಿಗೆಯಿಂದಲೇ ಕೇಳುತ್ತೆ. ಅದಕ್ಕೇ ಪರದೆಯ ನಡುವಿಗೊಂದು ಸ್ಪೀಕರ್ ಬೇಕಾಯ್ತು. 1940ರಲ್ಲೇ ಡಿಸ್ನಿಯವರು 'ಫ್ಯಾಂಟೇಸಿಯಾ'ಕ್ಕೆ ಬಹುಚಾನೆಲ್ ವ್ಯವಸ್ಥೆ ಕಟ್ಟಿದ್ದರು, ಖರ್ಚು ತಾಳಲಾರದೆ ಕೆಲವೇ ಥಿಯೇಟರುಗಳಲ್ಲಿ ನಡೆಯಿತು. 1977ರ 'ಸ್ಟಾರ್ ವಾರ್ಸ್' ಬಂದಮೇಲೆ ಡಾಲ್ಬಿ ಸ್ಟೀರಿಯೋ, 1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್'ನಿಂದ ಡಾಲ್ಬಿ ಡಿಜಿಟಲ್, 1993ರ 'ಜುರಾಸಿಕ್ ಪಾರ್ಕ್'ನಿಂದ ಡಿ.ಟಿ.ಎಸ್, 2012ರ 'ಬ್ರೇವ್'ನಿಂದ ಆಟ್ಮೋಸ್. ಕತ್ತಲೆಯಲ್ಲಿ ಕೂತಾಗ ಹಿಂದಿನಿಂದ ಡೈನೋಸಾರ್ ಉಸಿರಾಡಬೇಕು, ತಲೆ ಮೇಲೆ ಮಳೆ ಸುರೀಬೇಕು. ಕಥೆ ನಮ್ಮ ಸುತ್ತ ನಡೀತಿದೆ, ಕಾಡಿಗೆ ಹಿಂದು ಮುಂದು ಇಲ್ಲ. ಅಲ್ಲಿ ನಾನೂ ಬಾಯಿ ಬಿಟ್ಟುಕೊಂಡು ನೋಡುವವನೇ.

ಹಾಡಿಗೆ ಎದುರು ಅನ್ನೋದು ಇದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ರಾಮನವಮಿ ಕಚೇರಿಗೆ ಹೋಗಿ ಕೂತು ನೋಡಿ. ನಡುವೆ ಹಾಡುವವರು. ನಮ್ಮ ಬಲಕ್ಕೆ ಪಿಟೀಲು, ಎಡಕ್ಕೆ ಮೃದಂಗ. ಮೃದಂಗದ ಬಲಮುಖ ಸಭಿಕರ ಕಡೆ ಇರಲಿ ಅಂತಲೇ ಆ ಜಾಗ. ನುಡಿಸುವವರು ಎಡಗೈಯವರಾದರೆ ಮೃದಂಗ, ಪಿಟೀಲು ಜಾಗ ಅದಲುಬದಲು ಮಾಡಿಕೊಳ್ತಾರೆ. ಶಬ್ದ ಎಲ್ಲಿಂದ ಬರಬೇಕು ಅನ್ನೋದನ್ನ ಇಷ್ಟು ಯೋಚನೆ ಮಾಡಿ ಕೂತವರು ಯಾವ ಸೌಂಡ್ ಎಂಜಿನಿಯರಿಗೂ ಕಡಿಮೆ ಅಲ್ಲ. ಹಿಂದಿನಿಂದ ಏನು ಕೇಳುತ್ತೆ? ಕೋಡುಬಳೆ ಪೊಟ್ಟಣ ಬಿಚ್ಚೋ ಸದ್ದು, ಯಾರದೋ ಮೊಬೈಲು, "ಕಾಫಿಗೆ ಹೋಗೋಣ್ವಾ" ಅನ್ನೋ ಪಿಸುಮಾತು. ಅದನ್ನೂ ರೆಕಾರ್ಡ್ ಮಾಡಿ ಹಿಂದಿನ ಪೆಟ್ಟಿಗೆಗೆ ಕೊಡ್ತೀವಿ ಅನ್ನೋರಿಗೆ ಕೈಮುಗೀತೀನಿ. ಡೊಳ್ಳು ಕುಣಿತದ ನಡುವೆ ಸಿಕ್ಕಿಹಾಕಿಕೊಂಡಾಗ, ಜಾತ್ರೆಯಲ್ಲಿ ನಿಂತಾಗ ಶಬ್ದ ಸುತ್ತಲೂ ಇರುತ್ತೆ, ಹೌದು. ಅದನ್ನ ಹಾಗೇ ಹಿಡಿಯೋಕೆ ಸರೌಂಡೇ ಸರಿ. ಆದರೆ ಭಾವಗೀತೆಗೂ ಜಾತ್ರೆಗೂ ವ್ಯತ್ಯಾಸ ಬೇಡ್ವಾ?

ನಮ್ಮ ಅಪ್ಪನ ಕಥೆ ಹೇಳ್ತೀನಿ. ನಾನು ಐದನೇ ಕ್ಲಾಸಿನಲ್ಲಿದ್ದಾಗ, 2008ರ ಸುಮಾರು, ಬೆಂಗಳೂರಿನ ಎಸ್.ಪಿ. ರೋಡಿನಿಂದ ನಮ್ಮ ಮಾವ ಒಂದು ಹೋಮ್ ಥಿಯೇಟರ್ ತಂದುಕೊಟ್ಟರು. ಮುಂದೆ '10000 ವ್ಯಾಟ್ ಪಿ.ಎಂ.ಪಿ.ಒ' ಅಂತ ಚಿನ್ನದ ಬಣ್ಣದ ಸ್ಟಿಕರ್ರು, ಹಿಂದೆ ವೈರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 60 ವ್ಯಾಟ್. ಐದು ಪೆಟ್ಟಿಗೆ ಎಲ್ಲಿಡೋದು? ನಡುವಿನದು ಟಿ.ವಿ ಮೇಲೆ, ಎಡದ್ದು ಶೋಕೇಸಿನಲ್ಲಿ, ಬಲದ್ದು ಬಾಗಿಲಿಗೆ ಅಡ್ಡ ಬರುತ್ತೆ ಅಂತ ಅದೂ ಶೋಕೇಸಿನಲ್ಲೇ. ಹಿಂದಿನ ಎರಡರಲ್ಲಿ ಒಂದು ದೇವರ ಪಟದ ಪಕ್ಕ, ಇನ್ನೊಂದು ಅಪ್ಪನ ಕುರ್ಚಿಯ ಮೇಲಿನ ಮೊಳೆಗೆ ನೇತುಹಾಕಿದ್ದು. ಹಾಕ್ತಿದ್ದದ್ದು ವಿ.ಸಿ.ಡಿ, ಅದರಲ್ಲಿ ಇದ್ದದ್ದೇ ಎರಡು ಚಾನೆಲ್. ಇರೋ ಎರಡನ್ನ ಐದಕ್ಕೆ ಹಂಚೋದು ಆ ಪೆಟ್ಟಿಗೆಯ ಚಮತ್ಕಾರ. ಅಣ್ಣಾವ್ರ ಹಾಡು ಶುರುವಾದ್ರೆ ಅಪ್ಪನ ಕಿವಿಗೆ ಬೀಳ್ತಿದ್ದದ್ದು ನೆತ್ತಿ ಮೇಲಿನ ಡಬ್ಬದ ಗಿಜಿಗಿಜಿ. "ಏನೋ ಇದು, ಪಕ್ಕದ್ಮನೇಲಿ ಹಾಡ್ದಂಗೈತೆ" ಅಂತಿದ್ದರು. ನಾನು, ಮಾವ ಇಬ್ಬರೂ ಸೇರಿ, ಅಪ್ಪನಿಗೆ ಇದೆಲ್ಲ ತಿಳಿಯಲ್ಲ ಅಂತ ನಗ್ತಿದ್ವಿ. ಅಮ್ಮ ಅಡುಗೆಮನೆಯಲ್ಲಿ ಒಂದೇ ಸ್ಪೀಕರಿನ ರೇಡಿಯೋದಲ್ಲಿ ಅದೇ ಹಾಡು ಕೇಳಿ ಗುನುಗ್ತಾ ಇರೋರು. ತಿಳಿಯದೇ ಇದ್ದದ್ದು ಯಾರಿಗೆ ಅಂತ ನನಗೆ ಈಗ ಗೊತ್ತಾಗ್ತಿದೆ.

ಇದಕ್ಕೆ ಉಲ್ಟಾ ಕಾಟವೂ ಇದೆ. 5.1ರಲ್ಲಿ ಮಿಕ್ಸ್ ಮಾಡಿದ ಸಿನಿಮಾವನ್ನ ಎರಡು ಸ್ಪೀಕರಿನ ಟಿ.ವಿಯಲ್ಲಿ ನೋಡುವಾಗ ಆರನ್ನ ಎರಡಕ್ಕೆ ಮಡಚಬೇಕು. ಸಾಮಾನ್ಯ ಸೂತ್ರದಲ್ಲಿ ನಡುವಿನ ಚಾನೆಲ್, ಅಂದ್ರೆ ಮಾತು, 3 ಡೆಸಿಬೆಲ್ ಇಳಿದು ಎರಡೂ ಕಡೆ ಸೇರುತ್ತೆ. ಹಿಂದಿನ ಗದ್ದಲವೂ ಇಳಿದು ಅದರ ಮೇಲೇ ಬಂದು ಬೀಳುತ್ತೆ. ಆ '.1' ಅನ್ನೋದನ್ನ ಎಷ್ಟೋ ಸಲ ಎಸೆದೇ ಬಿಡ್ತಾರೆ. ಮಾತು ಕೇಳಲ್ಲ ಅಂತ ವಾಲ್ಯೂಮ್ ಏರಿಸಿದ್ರೆ ಹೊಡೆದಾಟ ಬಂದಾಗ ಪಕ್ಕದ ಮನೆಯವರು ಗೋಡೆ ಬಡೀತಾರೆ. ಅಪ್ಪ ಅಮ್ಮ ಈಗ ಕನ್ನಡ ಸಿನಿಮಾವನ್ನೇ ಕೆಳಗೆ ಅಕ್ಷರ ಹಾಕಿಕೊಂಡು ನೋಡ್ತಾರೆ!

ಮತ್ತೆ ಹಾಡಿಗೆ ಬರ್ತೀನಿ. ಸರೌಂಡಿನ ಪರ ಇರೋರು ಹೇಳೋ ಮುಖ್ಯ ಮಾತು 'ಜಾಗ ಜಾಸ್ತಿ, ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತೆ' ಅಂತ. ಕೇಳುತ್ತೆ, ಸುಳ್ಳಲ್ಲ. ಆದರೆ ಬಿಡಿಬಿಡಿಯಾಗಿ ಕೇಳಬೇಕು ಅಂತ ಯಾರು ಹೇಳಿದ್ದು? ಬಿಸಿಬೇಳೆಬಾತಿನಲ್ಲಿ ಬೇಳೆ, ಅಕ್ಕಿ, ಹುಣಸೆಹುಳಿ ತಟ್ಟೆಯ ನಾಲ್ಕು ಮೂಲೆಗೆ ಬಡಿಸಿ 'ನೋಡಿ ಎಷ್ಟು ಸ್ಪಷ್ಟವಾಗಿದೆ' ಅಂದ್ರೆ ಹೇಗಿರುತ್ತೆ? ಸ್ಟೀರಿಯೋದಲ್ಲಿ ಮಿಕ್ಸ್ ಮಾಡುವವನಿಗೆ ಜಾಗ ಕಡಿಮೆ. ಕೊಳಲೂ ಹಾಡುವ ದನಿಯೂ ಒಂದೇ ಕಡೆ ಬಡಿದಾಡಿಕೊಂಡ್ರೆ ಒಂದನ್ನ ಇಳಿಸಬೇಕು, ಇನ್ನೊಂದನ್ನ ಸ್ವಲ್ಪ ಪಕ್ಕಕ್ಕೆ ತಳ್ಳಬೇಕು, ಅದರ ಮೈಯಿಂದ ಒಂದಿಷ್ಟು ಸ್ವರಗಳ ಬೊಜ್ಜು ಕರಗಿಸಬೇಕು. ಈ ಕ್ಷಣ ಯಾವುದು ಮುಖ್ಯ ಅಂತ ತೀರ್ಮಾನ ಮಾಡಲೇಬೇಕು. ಆ ತೀರ್ಮಾನವೇ ಮಿಕ್ಸಿಂಗ್. ಜಾಗ ಜಾಸ್ತಿ ಆದಷ್ಟೂ ತೀರ್ಮಾನ ಮುಂದೂಡಬಹುದು. ಬೇಡದ ಪಿಟೀಲನ್ನ ಹಿಂದಿನ ಮೂಲೆಗೆ ಕಳಿಸಿದ್ರೆ ಆಯ್ತು, ಮನೆಗೆ ಬೇಡವಾದ ಸಾಮಾನೆಲ್ಲ ಅಟ್ಟಕ್ಕೆ ಹಾಕಿದ ಹಾಗೆ.

ಒಳ್ಳೇ ಸರೌಂಡ್ ಸಂಗೀತವೇ ಇಲ್ಲ ಅಂತಲ್ಲ. ಪಿಂಕ್ ಫ್ಲಾಯ್ಡ್‌ನವರು 1967ರಲ್ಲೇ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲಿನಲ್ಲಿ ಶಬ್ದವನ್ನ ಸಭಿಕರ ಸುತ್ತ ತಿರುಗಿಸಿದವರು. ಅವರ ಸಂಗೀತ ಹುಟ್ಟಿದ್ದೇ ಹಾಗೆ, ಅವರ ಹಾಡು ಸುತ್ತ ತಿರುಗಿದ್ರೆ ಯಾರಿಗೂ ತಲೆ ತಿರುಗಲ್ಲ. ಮಾಡಿದವರೇ ಸುತ್ತಲಿನ ಶಬ್ದಕ್ಕೆ ಅಂತ ಬರೆದ ಸಂಗೀತದ ಮೇಲೆ ನನ್ನ ತಕರಾರಿಲ್ಲ. ನನ್ನ ತಕರಾರು ಆಮೇಲೆ ಬಂದು ಸುತ್ತಿಸುವವರ ಮೇಲೆ.

ಇದು ಮೊದಲನೇ ಸಲವೂ ಅಲ್ಲ ಬಿಡಿ. ಎಪ್ಪತ್ತರ ದಶಕದಲ್ಲಿ ಕ್ವಾಡ್ರಫೋನಿಕ್ ಅಂತ ನಾಲ್ಕು ಚಾನೆಲ್ಲಿನ ರೆಕಾರ್ಡುಗಳು ಬಂದವು. ಸಿ.ಬಿ.ಎಸ್‌ನವರದ್ದು ಎಸ್.ಕ್ಯೂ, ಸಾನ್‌ಸುಯಿಯವರದ್ದು ಕ್ಯೂ.ಎಸ್, ಜೆ.ವಿ.ಸಿಯವರದ್ದು ಸಿ.ಡಿ-4. ಒಬ್ಬರದ್ದು ಇನ್ನೊಬ್ಬರ ಯಂತ್ರದಲ್ಲಿ ಸರಿಯಾಗಿ ಓಡಲ್ಲ. ಆ ದಶಕ ಮುಗಿಯೋ ಮೊದಲೇ ಸತ್ತವು. 1999ರಲ್ಲಿ ಸೂಪರ್ ಆಡಿಯೋ ಸಿ.ಡಿ, 2000ದಲ್ಲಿ ಡಿ.ವಿ.ಡಿ-ಆಡಿಯೋ, ಮತ್ತೆ ಅದೇ ಜಗಳ, ಅದೇ ಗತಿ. ಜನ ಕೋಣೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೂತು ಹಾಡು ಕೇಳಲ್ಲ. ಪಾತ್ರೆ ತೊಳೀತಾ ಕೇಳ್ತಾರೆ, ಬಸ್ಸಿನಲ್ಲಿ ಕೇಳ್ತಾರೆ.

ಈ ಸಲ ಕಂಪನಿಗಳು ಜಾಣರಾದವು. ಬಸ್ಸಿನಲ್ಲಿ ಕೇಳುವವನ ಇಯರ್‌ಫೋನಿಗೇ ಸರೌಂಡ್ ತಂದವು. 2021ರ ಜೂನಿನಲ್ಲಿ ಆಪಲ್ ಮ್ಯೂಸಿಕ್ ಆಟ್ಮೋಸ್ ಹಾಡುಗಳನ್ನ ಶುರು ಮಾಡಿತು. ಒಂದು ನಿಮಿಷ ಯೋಚನೆ ಮಾಡಿ. ಇಯರ್‌ಫೋನಿನಲ್ಲಿ ಇರೋದು ಎಡಕ್ಕೊಂದು ಬಲಕ್ಕೊಂದು, ಒಟ್ಟು ಎರಡು. ಆಟ್ಮೋಸ್ ಮಿಕ್ಸಿನಲ್ಲಿ 128 ಟ್ರ್ಯಾಕ್ ಇದ್ದರೂ ಕೊನೆಗೆ ಕಿವಿಗೆ ಬರೋದು ಎರಡೇ ಚಾನೆಲ್. ಹಿಂದಿನಿಂದ, ಮೇಲಿನಿಂದ ಬಂದ ಹಾಗೆ ಭ್ರಮೆ ಹುಟ್ಟಿಸೋಕೆ ಕಿವಿಯ ಹಾಲೆ, ತಲೆ, ಭುಜ ಶಬ್ದವನ್ನ ಹೇಗೆ ಬದಲಾಯಿಸುತ್ತವೆ ಅನ್ನೋ ಲೆಕ್ಕವನ್ನ ಫಿಲ್ಟರ್ ಮಾಡಿ ಹಾಕ್ತಾರೆ. ಈ ಲೆಕ್ಕ ಬೆರಳಚ್ಚಿನ ಹಾಗೆ ಒಬ್ಬೊಬ್ಬರದ್ದೂ ಬೇರೆ. ಸಾಮಾನ್ಯವಾಗಿ ಹಾಕೋದು ಸರಾಸರಿ ಮನುಷ್ಯನದ್ದು. ಯಾರದೋ ಕಿವಿ ತೊಟ್ಟುಕೊಂಡು ಹಾಡು ಕೇಳಿದ ಹಾಗೆ. ಎಷ್ಟೋ ಜನಕ್ಕೆ ಎದುರಿನ ದನಿ ತಲೆಯೊಳಗೋ ಹಿಂದೆಯೋ ಹೋಗುತ್ತೆ, ಬಣ್ಣ ಬದಲಾಗುತ್ತೆ. ಅಂದ್ರೆ ಇಲ್ಲಿ ಸ್ಪರ್ಧೆ ಸರೌಂಡಿಗೂ ಸ್ಟೀರಿಯೋಗೂ ಅಲ್ಲ. ಮನುಷ್ಯ ಕೂತು ಎರಡು ಚಾನೆಲ್ಲಿಗೆ ಮಾಡಿದ ಮಿಕ್ಸಿಗೂ, ಸಾಫ್ಟ್‌ವೇರು ಮಡಚಿ ಎರಡು ಚಾನೆಲ್ಲಿಗೆ ಇಳಿಸಿದ ಮಿಕ್ಸಿಗೂ. ನಾನು ಸಾಫ್ಟ್‌ವೇರಿನಲ್ಲೇ ಅನ್ನ ತಿನ್ನೋನು. ಆದರೂ ನನ್ನ ಓಟು ಮನುಷ್ಯನಿಗೆ.

ಇನ್ನೊಂದು ತಮಾಷೆ. ಸಿ.ಡಿಯ ಎರಡು ಚಾನೆಲ್ಲಿಗೆ ಸೆಕೆಂಡಿಗೆ 1411 ಕಿಲೋಬಿಟ್ ಇರುತ್ತೆ. ಅಂತರ್ಜಾಲದಲ್ಲಿ ಹರಿದು ಬರೋ ಆಟ್ಮೋಸ್ ಹಾಡಿಗೆ ಹೆಚ್ಚೆಂದರೆ 768. ಚಾನೆಲ್ಲು ಜಾಸ್ತಿ, ಬಿಟ್ಟು ಕಡಿಮೆ. ಇದನ್ನ ಯಾವ ಡಬ್ಬದ ಮೇಲೂ ದಪ್ಪಕ್ಷರದಲ್ಲಿ ಬರೆದದ್ದು ನಾನಂತೂ ನೋಡಿಲ್ಲ.

"ಆದರೆ ನಿಜವಾಗ್ಲೂ ಚೆನ್ನಾಗಿ ಕೇಳಿಸ್ತು ಮಗಾ" ಅಂತಾನೆ ಗೆಳೆಯ. ಕೆಲವು ಹೊಸ ಹಾಡು ನನಗೂ ಚೆನ್ನಾಗಿ ಕೇಳಿಸಿವೆ, ಸುಳ್ಳು ಯಾಕೆ ಹೇಳಲಿ. ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಆಟ್ಮೋಸ್ ಹಾಡಿನ ಸರಾಸರಿ ಜೋರು -18 ದಾಟಬಾರದು ಅಂತ ನಿಯಮ ಇದೆ. ಸ್ಟೀರಿಯೋಕ್ಕೆ ಅಂಥ ಮಿತಿ ಇಲ್ಲದೇ ಇರೋದರಿಂದ, ನಿನ್ನ ಹಾಡಿಗಿಂತ ನನ್ನದು ಜೋರು ಅನ್ನೋ ಹಠಕ್ಕೆ ಬಿದ್ದು ಎಲ್ಲವನ್ನೂ ಒತ್ತಿ ಇಟ್ಟಿಗೆ ಮಾಡಿಬಿಟ್ಟಿದ್ದಾರೆ. ಪಿಸುಮಾತೂ ಕೂಗೂ ಒಂದೇ ಎತ್ತರ. ಆಟ್ಮೋಸಿನಲ್ಲಿ ಉಸಿರಾಡೋಕೆ ಜಾಗ ಸಿಕ್ಕಿದ್ದು ಸ್ಪೀಕರ್ ಹೆಚ್ಚಾದದ್ದರಿಂದಲ್ಲ, ಕತ್ತು ಹಿಸುಕೋದು ನಿಲ್ಲಿಸಿದ್ದರಿಂದ. ಅದೇ ನಿಯಮವನ್ನ ಸ್ಟೀರಿಯೋಗೆ ಹಾಕಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳೋಣ. ಮಗುವಿಗೆ ಊಟ ಹಾಕದೆ ಕೂರಿಸಿ, ಪಕ್ಕದ ಮನೆ ಮಗು ಎಷ್ಟು ಗುಂಡಗಿದೆ ನೋಡಿ ಅನ್ನೋದು ಯಾವ ನ್ಯಾಯ?

ಮತ್ತೆ ಯಾಕೆ ಎಲ್ಲರೂ ಆಟ್ಮೋಸ್ ಮಾಡ್ತಿದ್ದಾರೆ? 2024ರ ಜನವರಿಯಲ್ಲಿ ಆಪಲ್ ಒಂದು ಘೋಷಣೆ ಮಾಡಿತು. ಹಾಡು ಈ ರೂಪದಲ್ಲೂ ಲಭ್ಯವಿದ್ದರೆ ರಾಯಲ್ಟಿ ಶೇಕಡಾ 10ರವರೆಗೆ ಜಾಸ್ತಿ. ಕೇಳುಗ ಆ ರೂಪವನ್ನೇ ಕೇಳಬೇಕು ಅಂತಲೂ ಇಲ್ಲ, ಅಂಗಡಿಯಲ್ಲಿ ಇಟ್ಟಿದ್ರೆ ಸಾಕು. ಹೀಗಿರುವಾಗ ಯಾವ ಹಾಡಿಗೆ ಸರೌಂಡ್ ಒಪ್ಪುತ್ತೆ ಅಂತ ಯೋಚನೆ ಮಾಡ್ತಾ ಯಾರು ಕೂರ್ತಾರೆ? ಇದ್ದಬದ್ದದ್ದನ್ನೆಲ್ಲ ತಿರುವಿ ಹಾಕಿದ್ರಾಯ್ತು. ಮೇಲಿಂದ ಆ್ಯಪಿನಲ್ಲಿ 'ಆಟೋಮ್ಯಾಟಿಕ್' ಅಂತ ಮೊದಲೇ ಹಾಕಿಟ್ಟಿರ್ತಾರೆ. ಅವರದೇ ಇಯರ್‌ಫೋನ್ ಹಾಕಿಕೊಂಡವನಿಗೆ ಹೇಳದೆ ಕೇಳದೆ ಆಟ್ಮೋಸ್ ರೂಪ ಬರುತ್ತೆ. ಮೂಲ ಸ್ಟೀರಿಯೋ ಅಳಿಸಿಲ್ಲ, ನಿಜ. ಸೆಟಿಂಗ್ಸಿನೊಳಗೆ ಹೋಗಿ ಹುಡುಕಿ ಆಫ್ ಮಾಡಬೇಕು ಅಷ್ಟೆ. ತಾನು ಕೇಳ್ತಿರೋದು ಬೇರೆ ಮಿಕ್ಸು ಅಂತಲೇ ಗೊತ್ತಿಲ್ಲದವನು ಏನಂತ ಹುಡುಕ್ತಾನೆ?

'ಮೋನೋದಿಂದ ಸ್ಟೀರಿಯೋಗೆ ಬಂದಾಗಲೂ ನಿಮ್ಮಂಥವರು ಹೀಗೇ ಅಂದಿದ್ರು' ಅಂತ ನೀವು ಅಂತೀರ, ಗೊತ್ತು. ಅಂದಿದ್ದರು, ಮತ್ತು ಎಷ್ಟೋ ಸಲ ಅವರು ಅಂದದ್ದು ಸರಿ ಇತ್ತು! 1967ರ ಬೀಟಲ್ಸರ 'ಸಾರ್ಜೆಂಟ್ ಪೆಪ್ಪರ್' ತಗೊಳ್ಳಿ. ಬೀಟಲ್ಸರೇ ಜೊತೆಗೆ ಕೂತು ದಿನಗಟ್ಟಲೆ ಮಾಡಿಸಿದ್ದು ಮೋನೋ ಮಿಕ್ಸು. ಸ್ಟೀರಿಯೋ ಮಾಡಿ ಮುಗಿಸಿದ್ದು ಕೆಲವೇ ದಿನಗಳಲ್ಲಿ, ಅವರಿಲ್ಲದೇ. ಆದರೆ ಮಾರುಕಟ್ಟೆ ಸ್ಟೀರಿಯೋ ಕಡೆ ವಾಲಿತು, ಜಗತ್ತು ದಶಕಗಳ ಕಾಲ ಅದನ್ನೇ ಮೂಲ ಅಂತ ಕೇಳಿತು. ಮೋನೋ ರೂಪ ಅಧಿಕೃತವಾಗಿ ಸಿ.ಡಿಯಲ್ಲಿ ಬಂದದ್ದು 2009ರಲ್ಲಿ, ಅಂದ್ರೆ 42 ವರ್ಷ ಬಿಟ್ಟು. ಅದೇ ಆಲ್ಬಮ್ಮಿನ ಆಟ್ಮೋಸ್ ರೂಪವೂ ಬಂತು. ಅದನ್ನ ಮಾಡಿದ ಜೈಲ್ಸ್ ಮಾರ್ಟಿನ್, ಬೀಟಲ್ಸರ ನಿರ್ಮಾಪಕ ಜಾರ್ಜ್ ಮಾರ್ಟಿನ್ನರ ಮಗ, 2021ರಲ್ಲಿ ತಾನೇ ಬಾಯಿಬಿಟ್ಟು ಅದು ಸರಿಯಾಗಿ ಕೇಳಿಸ್ತಿಲ್ಲ, ಬದಲಾಯಿಸ್ತೀನಿ ಅಂದರು. ಜಗತ್ತಿನಲ್ಲೇ ಹೆಚ್ಚು ಜತನದಿಂದ ಕಾಪಾಡಿದ ಟೇಪುಗಳ ಗತಿಯೇ ಇದು.

ಈಗ ನಮ್ಮ ಹಾಡುಗಳ ಗತಿ ನೋಡಿ. ಅರವತ್ತು, ಎಪ್ಪತ್ತರ ದಶಕದಲ್ಲಿ ಮದರಾಸಿನ ಸ್ಟುಡಿಯೋಗಳಲ್ಲಿ ಹಾಡು ಅಂದ್ರೆ ಗಾಯಕರು, ಪಿಟೀಲಿನವರು, ತಬಲಾದವರು ಎಲ್ಲಾ ಒಟ್ಟಿಗೆ ಕೂತು ಒಂದೇ ಓಟದಲ್ಲಿ ಹಾಡಿ ಮುಗಿಸ್ತಿದ್ದದ್ದು. ಒಬ್ಬ ತಪ್ಪಿದ್ರೆ ಎಲ್ಲರೂ ಮೊದಲಿಂದ. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಅವರ ಅಂದಿನ ಹಾಡುಗಳಲ್ಲಿ ಕೊಳಲು ದನಿಗೆ ದಾರಿ ಬಿಡೋದು ಕೇಳಿದ್ದೀರಲ್ಲ, ಅದು ಮಿಕ್ಸರಿನ ಗುಂಡಿ ಮಾಡಿದ್ದಲ್ಲ. ಕೊಳಲಿನವರು ಉಸಿರು ಇಳಿಸಿದ್ದು, ಇಲ್ಲಾ ಮೈಕಿನಿಂದ ಹಿಂದೆ ಸರಿದದ್ದು. ಸಿನಿಮಾ ಮೋನೋ, ರೇಡಿಯೋ ಮೋನೋ. ಹಾಡೂ ಮೋನೋದಲ್ಲೇ ಹುಟ್ಟಿ, ಮೋನೋದಲ್ಲೇ ಪೂರ್ಣವಾಯ್ತು. ಅದಕ್ಕೆ ಬಿಡಿ ಟ್ರ್ಯಾಕುಗಳೇ ಇಲ್ಲ. ಹಾಗಾದರೆ ಅದನ್ನ 5.1 ಮಾಡೋದು ಹೇಗೆ? ದಾರಿ ಎರಡು. ಒಂದು, ತಗ್ಗು ಸ್ವರವನ್ನ ಸಬ್‌ವೂಫರಿಗೆ, ಮೇಲಿನದನ್ನ ಹಿಂದಕ್ಕೆ, ಒಂದಿಷ್ಟು ಪ್ರತಿಧ್ವನಿ ಬೆರೆಸಿ ಹಂಚಿಬಿಡೋದು. ಎರಡು, ಈಗ ಬಂದಿರೋ ಕೃತಕ ಬುದ್ಧಿಮತ್ತೆಯ ತಂತ್ರದಿಂದ ದನಿ, ತಾಳ, ತಂತಿ ಅಂತ ಬೇರ್ಪಡಿಸೋದು. 2022ರಲ್ಲಿ ಬೀಟಲ್ಸರ 'ರಿವಾಲ್ವರ್' ಹೀಗೇ ಬೇರ್ಪಡಿಸಿ ಮರುಮಿಕ್ಸ್ ಆಯ್ತು, ಬೆರಗಿನ ಕೆಲಸ. ಆದರೆ ಅದಕ್ಕೆ ಮೂಲ ಟೇಪು, ಪರಿಣತರ ತಂಡ, ದುಡ್ಡು, ಹೇಳುವ ಕೇಳುವ ವಾರಸುದಾರರು ಎಲ್ಲಾ ಇದ್ದರು. ನೆಟ್ಟಿನಲ್ಲಿ ನಮ್ಮ ಹಾಡಿಗೆ ಸಿಗ್ತಿರೋದು ಎಂ.ಪಿ.3ಯಿಂದ ತೆಗೆದ ದನಿ. ಅಂಚುಗಳಲ್ಲಿ ನೀರೊಳಗೆ ಹಾಡಿದ ಹಾಗೆ ಗುಳುಗುಳು.

ಇನ್ನು '8ಡಿ' ಅನ್ನೋ ಪಿಡುಗಿನ ಬಗ್ಗೆ ಜಾಸ್ತಿ ಬರೆಯಲ್ಲ. ಇಡೀ ಹಾಡನ್ನ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ತೊಟ್ಟಿಲು ತೂಗಿ, ಮೇಲೊಂದಿಷ್ಟು ಪ್ರತಿಧ್ವನಿ ಚಿಮುಕಿಸಿದ್ರೆ 8ಡಿ. ಹತ್ತು ಸಾಲಿನ ಕೋಡು ಸ್ವಾಮಿ, ಬೇಕಾದ್ರೆ ನಾನೇ ಬರೆದುಕೊಡ್ತೀನಿ. ಎಂಟು ಆಯಾಮ ಯಾವುವು ಅಂತ ಮಾತ್ರ ಕೇಳಬೇಡಿ.

ನನ್ನ ಭಯ ಇರೋದು ಇಲ್ಲಿ. ಮೊನ್ನೆ ಆ ಜಗಳ ಆದಮೇಲೆ ಗೆಳೆಯನಿಗೆ ತೋರಿಸೋಣ ಅಂತ ಅದೇ ಹಾಡಿನ ಮೂಲ ರೂಪ ಹುಡುಕೋಕೆ ಕೂತೆ. ಒಂದು ಗಂಟೆ ಹೋಯ್ತು. 'ಎಚ್.ಡಿ', 'ಡಿಜಿಟಲ್', '5.1', '8ಡಿ', 'ರೀಮಾಸ್ಟರ್ಡ್' ಎಲ್ಲಾ ಸಿಕ್ಕವು. ಯಾವುದರಲ್ಲೂ ಇದು ಯಾವ ಟೇಪಿನಿಂದ, ಯಾವ ವರ್ಷ, ಏನು ಬದಲಾಯಿಸಿದ್ದಾರೆ, ಯಾರು ಮಾಡಿದ್ದು ಅಂತ ಒಂದು ಸಾಲಿಲ್ಲ. ಒಂದರಲ್ಲಿ ಹೊಸ ಡ್ರಮ್ಮು ಬೇರೆ ಸೇರಿಸಿದ್ದರು. ಈಗ ಹತ್ತು ವರ್ಷದ ಹುಡುಗನೊಬ್ಬ ಇದನ್ನ ಕೇಳಿ, ಹಳೇ ಹಾಡುಗಳು ಹೀಗೇ ಇದ್ದವು ಅಂತ ಅಂದ್ಕೊಂಡ್ರೆ ಅವನ ತಪ್ಪಲ್ಲ. ನಮ್ಮ ಆಫೀಸಿನಲ್ಲಿ ಯಾರಾದ್ರೂ ಮೂಲ ಕೋಡಿನ ಮೇಲೆ ಹೇಳದೆ ಕೇಳದೆ ತಮ್ಮದನ್ನ ಬರೆದು, ಹಳೇದರ ಇತಿಹಾಸ ಅಳಿಸಿಹಾಕಿದ್ರೆ ಅವತ್ತೇ ಮ್ಯಾನೇಜರ್ ಕೋಣೆಗೆ ಕರೆ ಬರುತ್ತೆ. ಬ್ಯಾಂಕಿನ ಸಾಫ್ಟ್‌ವೇರಿನ ಒಂದು ಸಾಲು ಯಾರು, ಯಾವತ್ತು, ಯಾಕೆ ತಿದ್ದಿದರು ಅಂತ ತೋರಿಸೋಕೆ ನಮ್ಮ ಹತ್ತಿರ ಸಾಧನ ಇದೆ. ಒಂದು ತಲೆಮಾರನ್ನೇ ಸಾಕಿದ ಹಾಡಿಗೆ ಇಲ್ಲ.

ಸರೌಂಡ್ ಮಾಡಲೇಬೇಡಿ ಅಂತ ಯಾರ ಕೈಯನ್ನೂ ಹಿಡಿಯೋಕಾಗಲ್ಲ. ಮೊದಲು ಮೂಲ ಮಿಕ್ಸನ್ನ, ಮೋನೋ ಇದ್ರೆ ಮೋನೋವನ್ನೇ, ಏನೂ ಸೇರಿಸದೆ ಶುದ್ಧ ಮಾಡಿ ಇಡಿ. ಹೆಸರು ಹಾಕಿ ಇಡಿ. ಗುಂಡಿ ಒತ್ತಿದಾಗ ಮೊದಲು ಅದು ಬರಲಿ. ಆಮೇಲೆ ಪಕ್ಕದಲ್ಲಿ ಸರೌಂಡೋ, ಪಲ್ಟಿ ಹೊಡೆಯೋದೋ, ಏನು ಬೇಕಾದ್ರೂ ಇಟ್ಟುಕೊಳ್ಳಿ, 'ಇದು ಇಂಥ ವರ್ಷ ಇಂಥವರು ಬದಲಾಯಿಸಿದ್ದು' ಅಂತ ಬರೆದು. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದ್ರೂ ಹಳೇ ರೆಕಾರ್ಡು, ಕ್ಯಾಸೆಟ್ಟು ಇದ್ರೆ ತೂಕಕ್ಕೆ ಹಾಕೋಕೆ ಮೊದಲು ಒಮ್ಮೆ ಹೇಳಿ. ನನ್ನ ಹತ್ತಿರ ಯಂತ್ರ ಇದೆ, ಸಮಯ ಮಾಡ್ಕೋತೀನಿ.

ಬೈಯೋರು ಬೈರಿ, ಬೇಜಾರಿಲ್ಲ. ಆದರೆ ಬೈಯೋಕೆ ಮೊದಲು ನಿಮಗೆ ತುಂಬ ಪರಿಚಯದ ಒಂದೇ ಹಾಡಿನ ಎರಡೂ ರೂಪಗಳನ್ನ ವಾಲ್ಯೂಮ್ ಒಂದೇ ಮಟ್ಟಕ್ಕೆ ತಂದು ಕೇಳಿ. ಜೋರಾಗಿರೋದು ಯಾವತ್ತೂ ಚೆನ್ನಾಗಿರೋ ಹಾಗೇ ಕೇಳುತ್ತೆ, ಅಲ್ಲೇ ಎಲ್ಲರೂ ಮೋಸ ಹೋಗೋದು. ಗೆಳೆಯನೂ ಈ ಪರೀಕ್ಷೆಗೆ ಒಪ್ಪಿದ್ದಾನೆ, ಭಾನುವಾರ ಸಂಜೆ ಅಂತ ಮುಹೂರ್ತ ಇಟ್ಟಿದ್ದೀವಿ. ಫ್ಯಾನ್ ಆಫ್ ಮಾಡಬಾರದು ಅನ್ನೋದು ನನ್ನ ಷರತ್ತು.